ಪುಟಿಯದೆ ಇಳಿಯಬೇಕು ಪುಟ್ಟ ವಿಮಾನ

ಅಭಿಮನ್ಯುವಿಗೆ ಚಕ್ರವ್ಯೂಹವನ್ನು ಹೊಗುವ ಬಗೆ ತಿಳಿದಿತ್ತು. ಹೊರಬರುವ ಬಗೆ ತಿಳಿದಿರಲಿಲ್ಲ. ರೇಡಿಯೋ ನಿಯಂತ್ರಣದ ಮಾದರಿ ವಿಮಾನವನ್ನು ಹೊಸದಾಗಿ ಹಾರಿಸಹೊರಟವನ ಪಾಡೂ ಬಹುಮಟ್ಟಿಗೆ ಇಂತಹುದೇ. ಮೇಲೇರಿಸುವುದು ಕಷ್ಟವಲ್ಲ. ವಿಮಾನವನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಎಂಜಿನ್ನಿಗೆ ಪೂರ್ಣ ವೇಗವನ್ನು ಕೊಟ್ಟು, ನೆಟ್ಟಗೆ ಓಡುವಂತೆ ನೋಡಿಕೊಂಡರೆ ಸಾಕು. ಸರಿಯಾಗಿ ಕಟ್ಟಿದ ವಿಮಾನವು ಹೆಚ್ಚುಕಡಿಮೆ ತಾನಾಗಿಯೇ ನೆಲ ಬಿಟ್ಟು ಏಳುತ್ತದೆ. ಆಕಾಶದಲ್ಲಿ ಅದು ಒಂದೆರಡು ಲಾಗ ಹಾಕಿದರೆ ಮೈದಾನದ ಅಂಚಿನಲ್ಲಿ ನೆರೆದವರು ಚಪ್ಪಾಳೆ ತಟ್ಟುತ್ತಾರೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಇಂಧನವು ಮುಗಿಯುತ್ತ ಬರುತ್ತದೆ. ಹಾರಿಸುವವನ ಅಂಗೈ ಬೆವರತೊಡಗುವುದು ಆಗ.

ಪಣಕ್ಕೆ ಬಿದ್ದಿರುವುದು ಬರಿಯ ಆಟಿಕೆಯಲ್ಲ. ಬಾಲ್ಸಾ ಮರದ ತೆಳು ಹಲಗೆಗಳನ್ನು ಕೊಯ್ದು, ಪಕ್ಕೆಲುಬಿನಂತಹ ಪಟ್ಟಿಗಳನ್ನು ಒಂದೊಂದಾಗಿ ಅಂಟಿಸಿ, ಉಪ್ಪುಕಾಗದದಿಂದ ಉಜ್ಜಿ, ಮೇಲೆ ತೆಳುವಾದ ಹೊದಿಕೆಯನ್ನು ಬಿಗಿದು ಸಿದ್ಧಪಡಿಸಿದ ವಿಮಾನದ ಹಿಂದೆ ಎರಡು ಮೂರು ತಿಂಗಳ ಸಂಜೆಗಳಿರುತ್ತವೆ. ಅಷ್ಟು ದಿನವೂ ಊಟದ ಮೇಜನ್ನು ಬಿಟ್ಟುಕೊಟ್ಟ ಮನೆಯವರ ಸಹನೆಯೂ ಇರುತ್ತದೆ. ಇದೆಲ್ಲದರ ತೀರ್ಮಾನವಾಗುವುದು ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ, ಎರಡು ಮೂರು ಕ್ಷಣಗಳಲ್ಲಿ.

ಆ ಕ್ಷಣಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಚಕ್ರಗಳು ನೆಲವನ್ನು ತಾಗುತ್ತವೆ. ವಿಮಾನವು ಮೂರಡಿ ಮೇಲಕ್ಕೆ ಪುಟಿಯುತ್ತದೆ. ಗಾಬರಿಗೊಂಡ ಹೆಬ್ಬೆರಳು ಅದರ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಎರಡನೆಯ ಸಲ ಮೂತಿಯ ಚಕ್ರವೇ ಮೊದಲು ನೆಲಕ್ಕೆ ಬಡಿಯುತ್ತದೆ. ಪುಟಿತವು ಮೊದಲಿಗಿಂತ ಹೆಚ್ಚಾಗುತ್ತದೆ. ಮೂರನೆಯ ಸಲಕ್ಕೆ ಮುಂಗಾಲು ಮುರಿದು, ಪ್ರೊಪೆಲ್ಲರ್ ಚೂರಾಗಿ, ವಿಮಾನವು ಮೂಗು ನೆಲಕ್ಕೂರಿ ನಿಲ್ಲುತ್ತದೆ. ಮೊದಲ ಪುಟಿತದಿಂದ ಹಾನಿಯಾಗುವುದು ಅಪರೂಪ. ಮುರಿಯುವುದು ಅದನ್ನು ಸರಿಪಡಿಸಲು ಹೋದ ಕೈಯಿಂದಲೇ.

ತಪ್ಪು ಚಕ್ರದ್ದಲ್ಲ

ಚೆಂಡು ಪುಟಿಯುತ್ತದೆ, ಚಕ್ರವೂ ರಬ್ಬರಿನದು, ಆದುದರಿಂದ ವಿಮಾನವೂ ಪುಟಿಯುತ್ತದೆ ಎಂದು ಹಲವರು ತಿಳಿಯುತ್ತಾರೆ. ಅಂಗಡಿಗೆ ಹೋಗಿ ಮೆತ್ತನೆಯ ಸ್ಪಂಜಿನ ಚಕ್ರಗಳನ್ನು ತಂದು ಹಾಕುತ್ತಾರೆ. ಕಾಲಿನ ಉಕ್ಕಿನ ತಂತಿಯನ್ನು ಬದಲಾಯಿಸುತ್ತಾರೆ. ವಿಮಾನವು ಹಿಂದಿನಂತೆಯೇ ಪುಟಿಯುತ್ತದೆ. ರಬ್ಬರಿಗೂ ತಂತಿಗೂ ಇದರಲ್ಲಿ ಪಾಲಿಲ್ಲವೆಂದಲ್ಲ. ಆದರೆ ಅದು ಚಿಕ್ಕ ಪಾಲು. ದೊಡ್ಡ ಪಾಲು ರೆಕ್ಕೆಯದು. ಪುಟಿದಂತೆ ಕಾಣುವ ವಿಮಾನವು ನಿಜವಾಗಿ ಮತ್ತೊಮ್ಮೆ ಹಾರಿರುತ್ತದೆ.

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಹೊಸಬರು ಕಲಿಯಲು ಬಳಸುವ ವಿಮಾನವೊಂದರ ತೂಕ ಎರಡೂವರೆ ಕಿಲೋಗ್ರಾಂ ಎಂದೂ, ರೆಕ್ಕೆಯ ಉದ್ದ ತುದಿಯಿಂದ ತುದಿಗೆ 160 ಸೆಂಟಿಮೀಟರ್, ಅಗಲ ಸುಮಾರು 28 ಸೆಂಟಿಮೀಟರ್ ಎಂದೂ ಇಟ್ಟುಕೊಳ್ಳೋಣ. ಇಂತಹ ರೆಕ್ಕೆಯು ಆ ತೂಕವನ್ನು ಹೊರಬೇಕಾದರೆ ಗಂಟೆಗೆ ಕಡೆಯ ಪಕ್ಷ 31 ಕಿಲೋಮೀಟರ್ ವೇಗದಲ್ಲಿ ಗಾಳಿಯನ್ನು ಸೀಳಬೇಕಾಗುತ್ತದೆ. ಅದಕ್ಕಿಂತ ಕಡಿಮೆಯಾದರೆ ರೆಕ್ಕೆಯು ಕೈಚೆಲ್ಲುತ್ತದೆ. ವಿಮಾನಗಾರರು ಇದನ್ನು ‘ಸ್ಟಾಲ್’ ಎನ್ನುತ್ತಾರೆ. ರೆಕ್ಕೆಯ ಎತ್ತುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವಂತಹುದು. ವೇಗವು 31ರ ಬದಲು 44 ಆದರೆ ರೆಕ್ಕೆಯು ಇಮ್ಮಡಿ ತೂಕವನ್ನು ಎತ್ತಬಲ್ಲುದು. ಈ 44ರ ವೇಗದಲ್ಲಿ ವಿಮಾನವನ್ನು ನೆಲಕ್ಕೆ ತಾಗಿಸಿದವನು ಐದು ಕಿಲೋಗ್ರಾಂ ಹೊರಬಲ್ಲ ರೆಕ್ಕೆಯ ಕೆಳಗೆ ಎರಡೂವರೆ ಕಿಲೋಗ್ರಾಂ ತೂಗುಹಾಕಿ, ಅದು ನೆಲದ ಮೇಲೆ ಕುಳಿತುಕೊಳ್ಳಲೆಂದು ಬಯಸುತ್ತಾನೆ. ಅದೇಕೆ ಕುಳಿತೀತು? ಕೆರೆಯ ನೀರಿನ ಮೇಲೆ ಹುಡುಗರು ಓರೆಯಾಗಿ ಬೀಸಿದ ಹೆಂಚಿನ ಚೂರು ವೇಗವಿರುವಷ್ಟು ಹೊತ್ತೂ ಕುಪ್ಪಳಿಸಿ, ವೇಗ ಕುಂದಿದ ಮೇಲಷ್ಟೇ ಮುಳುಗುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ.

ಚಕ್ರಗಳು ಎಲ್ಲಿವೆ ಎಂಬುದರ ಮೇಲೆ ಈ ಕುಪ್ಪಳಿಕೆಯ ರೀತಿ ಬದಲಾಗುತ್ತದೆ. ಮುಂದೆ ಎರಡು ದೊಡ್ಡ ಚಕ್ರಗಳೂ ಬಾಲದಲ್ಲಿ ಒಂದು ಚಿಕ್ಕ ಚಕ್ರವೂ ಇರುವ ಹಳೆಯ ಮಾದರಿಯಲ್ಲಿ, ದೊಡ್ಡ ಚಕ್ರಗಳು ವಿಮಾನದ ಗುರುತ್ವ ಕೇಂದ್ರಕ್ಕಿಂತ ಮುಂದಿರುತ್ತವೆ. ಅವು ನೆಲ ತಾಗಿ ನಿಂತೊಡನೆ ಹಿಂಭಾಗದ ಭಾರವು ಇನ್ನೂ ಕೆಳಕ್ಕಿಳಿಯುತ್ತದೆ. ಬಾಲ ತಗ್ಗಿ, ಮೂತಿ ಎದ್ದು, ರೆಕ್ಕೆಯು ಗಾಳಿಗೆ ಇನ್ನಷ್ಟು ಓರೆಯಾಗಿ ಒಡ್ಡಿಕೊಳ್ಳುತ್ತದೆ. ಓರೆ ಹೆಚ್ಚಿದಂತೆ ಎತ್ತುವ ಬಲವೂ ಹೆಚ್ಚಿ, ವಿಮಾನವು ಮತ್ತೆ ಗಾಳಿಗೇರುತ್ತದೆ. ಮೂತಿಯಲ್ಲೊಂದು, ಹಿಂದೆ ಎರಡು ಚಕ್ರಗಳಿರುವ ಇಂದಿನ ಮಾದರಿಯಲ್ಲಿ ಈ ಕಾಟವಿಲ್ಲ. ಹಿಂದಿನ ಚಕ್ರಗಳು ಮೊದಲು ತಾಗಿದರೆ ಮೂತಿ ತಾನಾಗಿ ತಗ್ಗಿ, ರೆಕ್ಕೆಯ ಬಲ ಉಡುಗುತ್ತದೆ. ಕಲಿಯುವವರಿಗೆ ಇದನ್ನೇ ಕೊಡುವುದು ಈ ಕಾರಣದಿಂದ. ಆದರೆ ಇದರಲ್ಲೂ ಮೂತಿಯ ಚಕ್ರವೇ ಮೊದಲು ತಾಗಿತೆಂದರೆ ಮೂತಿ ಮೇಲಕ್ಕೆಸೆಯಲ್ಪಟ್ಟು, ಮೇಲೆ ಹೇಳಿದ ಮೂರು ನೆಗೆತದ ಕಥೆ ಆರಂಭವಾಗುತ್ತದೆ.

ಇಳಿಯಗೊಡದಿರುವುದೇ ಉಪಾಯ

ಪುಟಿಯದಂತೆ ಇಳಿಸಬೇಕಾದರೆ ನೆಲ ಮುಟ್ಟುವ ಹೊತ್ತಿಗೆ ರೆಕ್ಕೆಯಲ್ಲಿ ಹಾರುವ ಶಕ್ತಿ ಉಳಿದಿರಬಾರದು. ಹಾಗೆಂದು ಹತ್ತಡಿ ಎತ್ತರದಲ್ಲಿಯೇ ಅದನ್ನು ಕಳೆದುಕೊಂಡರೆ ವಿಮಾನವು ಕಲ್ಲಿನಂತೆ ಬೀಳುತ್ತದೆ. ಬಲವೆಲ್ಲ ಮುಗಿಯುವುದೂ ಚಕ್ರವು ನೆಲವನ್ನು ಸೇರುವುದೂ ಒಂದೇ ಗಳಿಗೆಯಲ್ಲಿ ಆಗಬೇಕು. ಗದ್ದೆಯ ಬದುವಿನ ಮೇಲೆ ಇಳಿಯುವ ಬೆಳ್ಳಕ್ಕಿಯು ಕಡೆಯ ಗಳಿಗೆಯಲ್ಲಿ ಎದೆಯನ್ನು ಮೇಲೆತ್ತಿ, ರೆಕ್ಕೆಗಳನ್ನು ಗಾಳಿಗೆ ಅಡ್ಡಲಾಗಿ ಹಿಡಿದು, ವೇಗವನ್ನೆಲ್ಲ ಅಲ್ಲಿಯೇ ಕಳೆದು ಕಾಲೂರುತ್ತದೆ. ಮಾದರಿ ವಿಮಾನಕ್ಕೂ ಮಾಡಿಸಬೇಕಾದುದು ಇದನ್ನೇ.

ಇದರ ಸಿದ್ಧತೆ ಬಹಳ ಮೊದಲೇ ಆರಂಭವಾಗುತ್ತದೆ. ಕೆಟ್ಟ ಇಳಿತಗಳಲ್ಲಿ ಹೆಚ್ಚಿನವು ಕೆಡುವುದು ನೆಲದ ಬಳಿಯಲ್ಲಲ್ಲ, ಮೈದಾನದ ಆಚೆ ತುದಿಯಲ್ಲಿ. ಎತ್ತರ ಹೆಚ್ಚಾಗಿರುವಾಗಲೇ ಓಡುದಾರಿಯ ಕಡೆಗೆ ತಿರುಗಿದವನು, ಆ ಎತ್ತರವನ್ನು ಕಳೆಯಲು ಮೂತಿಯನ್ನು ತಗ್ಗಿಸುತ್ತಾನೆ. ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನಂತೆ ವಿಮಾನವು ವೇಗವನ್ನು ಕೂಡಿಹಾಕಿಕೊಳ್ಳುತ್ತದೆ. ಆ ವೇಗವೇ ಅಂಗಳಕ್ಕೆ ಬಂದು ಪುಟಿತವಾಗುತ್ತದೆ. ಬಲ್ಲವರು ಅನುಸರಿಸುವ ಕ್ರಮ ಬೇರೆ. ಅವರು ಗಾಳಿಯ ಬೆನ್ನಿಗೆ ಓಡುದಾರಿಗೆ ಸಮಾನಾಂತರವಾಗಿ ಬಂದು, ಎಂಜಿನ್ನನ್ನು ತಗ್ಗಿಸಿ, ಎರಡು ನಿಧಾನ ತಿರುವುಗಳಲ್ಲಿ ಎತ್ತರವನ್ನು ಬಿಡುತ್ತ, ಕಡೆಗೆ ಗಾಳಿಗೆ ಎದುರಾಗಿ ಓಡುದಾರಿಯ ನೇರಕ್ಕೆ ಬರುತ್ತಾರೆ. ಆಗ ವೇಗವು ಸ್ಟಾಲ್ ವೇಗಕ್ಕಿಂತ ಮೂರನೆಯ ಒಂದು ಪಾಲಿನಷ್ಟು ಮಾತ್ರ ಹೆಚ್ಚಿರಬೇಕು. ಮೇಲಿನ ಉದಾಹರಣೆಯಲ್ಲಿ ಸುಮಾರು 40 ಕಿಲೋಮೀಟರ್.

ಇಲ್ಲಿ ಹೊಸಬರಿಗೆ ತಲೆಕೆಳಗಾಗಿ ತೋರುವ ಒಂದು ಸಂಗತಿಯಿದೆ. ಬಾಲದಲ್ಲಿರುವ ಎಲಿವೇಟರ್ ಎಂಬ ಮಡಿಕೆಯಿಂದ ವಿಮಾನವು ಮೇಲೆ ಕೆಳಗೆ ಹೋಗುತ್ತದೆಂದೂ, ಎಂಜಿನ್ನಿನ ಥ್ರಾಟಲಿನಿಂದ ವೇಗ ಹೆಚ್ಚು ಕಡಿಮೆಯಾಗುತ್ತದೆಂದೂ ಅವರು ತಿಳಿದಿರುತ್ತಾರೆ. ನಿಧಾನವಾಗಿ ಇಳಿಯುತ್ತಿರುವಾಗ ಇದನ್ನು ಅದಲುಬದಲು ಮಾಡಿಕೊಳ್ಳುವುದು ಲೇಸು. ಮೂತಿ ಎಷ್ಟು ಎತ್ತಿದೆಯೋ ಅದರಿಂದ ವೇಗವು ನಿರ್ಧಾರವಾಗುತ್ತದೆ; ಥ್ರಾಟಲಿನಿಂದ ಇಳಿಯುವ ರಭಸವು ನಿರ್ಧಾರವಾಗುತ್ತದೆ. ಓಡುದಾರಿಗೆ ಮುಟ್ಟುವ ಮೊದಲೇ ವಿಮಾನವು ತಗ್ಗುತ್ತಿದ್ದರೆ ಮೂತಿಯನ್ನು ಎತ್ತಬಾರದು, ಎಂಜಿನ್ನನ್ನು ಸ್ವಲ್ಪ ಏರಿಸಬೇಕು. ಈ ಒಂದು ಮಾತನ್ನು ಬೆರಳುಗಳು ಕಲಿತರೆ ಅರ್ಧ ಕೆಲಸ ಮುಗಿದಂತೆ.

ವಿಮಾನವು ನೆಲದಿಂದ ಎರಡು ಮೂರು ಅಡಿಗೆ ಬಂದಾಗ ವಿಚಿತ್ರವೊಂದು ನಡೆಯುತ್ತದೆ. ಅದು ಇಳಿಯಲೊಲ್ಲದು! ರೆಕ್ಕೆಯ ತುದಿಗಳಲ್ಲಿ ಸುಳಿಯುವ ಗಾಳಿಗೆ ಕೆಳಗಿನ ನೆಲವು ಅಡ್ಡಬರುವುದರಿಂದ, ರೆಕ್ಕೆಯ ಉದ್ದದ ಅರ್ಧಕ್ಕಿಂತ ಕಡಿಮೆ ಎತ್ತರದಲ್ಲಿ ವಿಮಾನಕ್ಕೆ ಗಾಳಿಯ ತಡೆ ಕಡಿಮೆಯಾಗಿಬಿಡುತ್ತದೆ. ಕಾಣದ ಹಾಸಿಗೆಯ ಮೇಲೆ ತೇಲುವಂತೆ ಅದು ತೇಲುತ್ತ ಮುಂದುವರಿಯುತ್ತದೆ. ಓಡುದಾರಿ ಮುಗಿಯುತ್ತ ಬರುವುದನ್ನು ಕಂಡು ತಾಳ್ಮೆಗೆಟ್ಟವನು ಇಲ್ಲಿಯೇ ಮೂತಿಯನ್ನು ಒತ್ತುವುದು. ತಾಳ್ಮೆಯುಳ್ಳವನು ಎಂಜಿನ್ನನ್ನು ಪೂರ್ತಿ ತಗ್ಗಿಸಿ, ಎಲಿವೇಟರಿನ ಸ್ಟಿಕ್ಕನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತನ್ನೆಡೆಗೆ ಎಳೆಯುತ್ತ ಹೋಗುತ್ತಾನೆ. ವಿಮಾನವು ಇಳಿಯಬಯಸಿದಷ್ಟೂ ಅವನು ಇಳಿಯಗೊಡುವುದಿಲ್ಲ, ಮೇಲೇರಲಂತೂ ಬಿಡುವುದಿಲ್ಲ. ವೇಗ ಕುಂದುತ್ತದೆ, ಮೂತಿ ಏಳುತ್ತದೆ, ಸ್ಟಿಕ್ಕು ಹಿಂದಕ್ಕೆ ಬರುತ್ತದೆ. ಕಡೆಗೆ ಸ್ಟಿಕ್ಕು ತುದಿ ಮುಟ್ಟುವ ಹೊತ್ತಿಗೆ ರೆಕ್ಕೆಗೆ ಹೊರುವ ಶಕ್ತಿ ಉಳಿದಿರುವುದಿಲ್ಲ. ಹಿಂದಿನ ಚಕ್ರಗಳು ಸದ್ದಿಲ್ಲದೆ ಹುಲ್ಲನ್ನು ಸೇರಿರುತ್ತವೆ. ನೋಡುವವರಿಗೆ ಏನೂ ನಡೆದಂತೆಯೇ ತೋರುವುದಿಲ್ಲ. ಚಪ್ಪಾಳೆಯೂ ಬೀಳುವುದಿಲ್ಲ.

ಕಣ್ಣಿನ ಮೋಸ

ದೊಡ್ಡ ವಿಮಾನದ ಚಾಲಕನಿಗೆ ವೇಗವನ್ನು ತೋರಿಸುವ ಮಾಪಕವಿರುತ್ತದೆ. ವಿಮಾನವು ಕುಸಿದರೆ ಕುಳಿತ ಪೀಠವೇ ಅವನಿಗೆ ತಿಳಿಸುತ್ತದೆ. ಮಾದರಿ ವಿಮಾನವನ್ನು ನಡೆಸುವವನು ನೂರು ಮೀಟರ್ ದೂರದಲ್ಲಿ ನೆಲದ ಮೇಲೆ ನಿಂತಿರುತ್ತಾನೆ. ಅವನಿಗಿರುವುದು ಕಣ್ಣು ಮಾತ್ರ. ಎಂಜಿನ್ನಿನ ದನಿಯನ್ನು ಕೇಳುವ ಕಿವಿ ಸ್ವಲ್ಪ ಸಹಾಯಕ. ಕಣ್ಣಾದರೋ ಮೋಸಹೋಗುತ್ತದೆ. ಗಾಳಿಯ ಬೆನ್ನಿಗೆ ಹಾರುವಾಗ ವಿಮಾನವು ನೆಲದ ಲೆಕ್ಕದಲ್ಲಿ ಧಾವಿಸುತ್ತದೆ. ವೇಗ ಹೆಚ್ಚಾಯಿತೆಂದು ಎಂಜಿನ್ನನ್ನು ತಗ್ಗಿಸಿ ತಿರುಗಿಸಿದರೆ, ಗಾಳಿಯ ಲೆಕ್ಕದಲ್ಲಿ ಅದರ ವೇಗ ಸಾಲದೆ ತಿರುವಿನಲ್ಲಿಯೇ ಕುಸಿಯುತ್ತದೆ. ಗಾಳಿಗೆ ಎದುರಾಗಿ ಬರುವಾಗ ಅದೇ ವಿಮಾನವು ತೆವಳುವಂತೆ ಕಾಣುತ್ತದೆ. ಪಾಪ, ನಿಂತೇಹೋದೀತೆಂದು ವೇಗವನ್ನು ಕೊಟ್ಟರೆ ಪುಟಿತಕ್ಕೆ ಬೇಕಾದುದನ್ನೆಲ್ಲ ಒದಗಿಸಿಕೊಟ್ಟಂತಾಗುತ್ತದೆ.

ಇನ್ನೊಂದು ತೊಡಕು ಎಡಬಲದ್ದು. ವಿಮಾನವು ದೂರ ಹೋಗುತ್ತಿರುವಾಗ ಸ್ಟಿಕ್ಕನ್ನು ಬಲಕ್ಕೆ ಸರಿಸಿದರೆ ವಿಮಾನವೂ ಬಲಕ್ಕೆ ಹೋಗುತ್ತದೆ. ತಿರುಗಿ ಎದುರಿಗೆ ಬರುವಾಗ ಅದರ ಬಲವು ನೋಡುವವನ ಎಡವಾಗುತ್ತದೆ, ಕನ್ನಡಿಯೊಳಗಿನ ಕೈಯಂತೆ. ಇಳಿಯುವಾಗಲೆಲ್ಲ ವಿಮಾನವು ಎದುರಿಗೇ ಬರುವುದರಿಂದ ಈ ಗೊಂದಲವು ಅತ್ಯಂತ ಕೆಟ್ಟ ಗಳಿಗೆಯಲ್ಲಿ ಎದುರಾಗುತ್ತದೆ. ಇದಕ್ಕೆ ಹಳಬರು ಹೇಳಿಕೊಡುವ ಯುಕ್ತಿ ಸರಳವಾದುದು: ಯಾವ ಕಡೆಯ ರೆಕ್ಕೆ ತಗ್ಗಿದಂತೆ ಕಾಣುವುದೋ ಆ ಕಡೆಗೇ ಸ್ಟಿಕ್ಕನ್ನು ಸರಿಸಬೇಕು, ಬೀಳುವ ಗೋಡೆಗೆ ಆನಿಕೆ ಕೊಡುವಂತೆ. ಎಡಬಲಗಳ ಯೋಚನೆಯೇ ಆಗ ಬೇಕಾಗುವುದಿಲ್ಲ.

ಗಾಳಿಯೂ ಎಲ್ಲ ಎತ್ತರದಲ್ಲಿ ಒಂದೇ ಸಮನಾಗಿ ಬೀಸುವುದಿಲ್ಲ. ಮರದ ತಲೆಯ ಮಟ್ಟದಲ್ಲಿ ರಭಸವಾಗಿರುವ ಗಾಳಿಯು ನೆಲದ ಬಳಿ ಮಂದವಾಗಿರುತ್ತದೆ. ಎದುರುಗಾಳಿಯ ಆಸರೆಯಲ್ಲಿ ಇಳಿಯುತ್ತಿದ್ದ ವಿಮಾನಕ್ಕೆ ಆ ಆಸರೆ ಒಮ್ಮೆಲೇ ತಪ್ಪಿದಂತಾಗಿ, ಕಡೆಯ ಕೆಲವು ಅಡಿಗಳಲ್ಲಿ ಅದು ಧೊಪ್ಪನೆ ಕುಸಿಯುತ್ತದೆ. ಗಾಳಿಯಿರುವ ದಿನ ಸ್ವಲ್ಪ ಹೆಚ್ಚಿನ ವೇಗವನ್ನೂ ಎಂಜಿನ್ನಿನ ಮಿತವಾದ ಬಲವನ್ನೂ ಕಡೆಯವರೆಗೆ ಉಳಿಸಿಕೊಳ್ಳುವುದು ಇದರಿಂದಲೇ.

ಬೆಂಗಳೂರಿನಂತಹ ಎತ್ತರದ ಊರುಗಳಲ್ಲಿ ಹಾರಿಸುವವರು ಗಮನಿಸಬೇಕಾದ ಅಂಶ ಒಂದಿದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಈ ಊರಿನ ಗಾಳಿಯು ಮಂಗಳೂರಿನ ಗಾಳಿಗಿಂತ ನೂರಕ್ಕೆ ಎಂಟರಷ್ಟು ತೆಳು. ಆದುದರಿಂದ ಅದೇ ವಿಮಾನವು ಇಲ್ಲಿ ನೂರಕ್ಕೆ ನಾಲ್ಕರಷ್ಟು ಹೆಚ್ಚು ವೇಗದಲ್ಲಿ ನೆಲ ಮುಟ್ಟುತ್ತದೆ. ವ್ಯತ್ಯಾಸ ಚಿಕ್ಕದು; ಆದರೆ ಬೇಸಿಗೆಯ ಮಧ್ಯಾಹ್ನದ ಬಿಸಿಯೂ ಇದಕ್ಕೆ ಸೇರಿದರೆ ಓಡುದಾರಿ ಕಿರಿದಾದಂತೆ ಭಾಸವಾಗುತ್ತದೆ. ಮುಂಜಾನೆ ಹಾರಿಸುವ ರೂಢಿ ಬರಿಯ ತಂಪಿನ ಸುಖಕ್ಕಾಗಿ ಬಂದುದಲ್ಲ.

ಪುಟಿದ ಮೇಲೆ

ಇಷ್ಟಾದರೂ ಪುಟಿಯುವುದುಂಟು. ಆಗ ಮಾಡಬೇಕಾದುದು ಬಹುಮಟ್ಟಿಗೆ ಏನನ್ನೂ ಮಾಡದಿರುವುದು. ನೆಗೆತವು ಒಂದಡಿಯೊಳಗಿದ್ದರೆ ಮೂತಿಯನ್ನು ಒತ್ತದೆ, ರೆಕ್ಕೆಗಳನ್ನು ಮಟ್ಟಸವಾಗಿಟ್ಟುಕೊಂಡು, ಸ್ಟಿಕ್ಕನ್ನು ಇದ್ದಲ್ಲಿಯೇ ಹಿಡಿದರೆ ವಿಮಾನವು ಮತ್ತೆ ತಾನಾಗಿ ಕೂರುತ್ತದೆ. ಅದಕ್ಕಿಂತ ದೊಡ್ಡ ನೆಗೆತವಾದರೆ ಹಟಕ್ಕೆ ಬೀಳಬಾರದು. ಥ್ರಾಟಲನ್ನು ಪೂರ್ತಿ ತೆರೆದು, ಮೂತಿಯನ್ನು ಮಟ್ಟಕ್ಕೆ ತಂದು, ವೇಗ ಕೂಡಿದ ಮೇಲೆ ಮೇಲೇರಿ ಇನ್ನೊಂದು ಸುತ್ತು ಹಾಕಿ ಬರಬೇಕು. ನಾಲ್ಕು ಜನರ ಮುಂದೆ ಇಳಿಸಲಾಗದೆ ಹೋಯಿತಲ್ಲ ಎಂಬ ಸಂಕೋಚವು ಮುರಿದಿರುವಷ್ಟು ವಿಮಾನಗಳನ್ನು ಗಾಳಿಯೂ ಮುರಿದಿರಲಾರದು. ಈ ಎರಡನೆಯ ಸುತ್ತಿಗಾಗಿ ಇಂಧನವನ್ನೋ ಬ್ಯಾಟರಿಯ ಶಕ್ತಿಯನ್ನೋ ಉಳಿಸಿಕೊಂಡು ಇಳಿಯಲು ಬರುವುದು ಜಾಣತನ. ಗಡಿಯಾರ ಕಟ್ಟಿಕೊಂಡು ಹಾರಿಸುವವರು ಅದಕ್ಕಾಗಿಯೇ ಕಟ್ಟಿಕೊಂಡಿರುತ್ತಾರೆ.

ಅಭ್ಯಾಸವನ್ನು ಎತ್ತರದಿಂದ ಆರಂಭಿಸುವುದು ಕ್ಷೇಮ. ನೂರು ಮೀಟರ್ ಮೇಲೆ ಎಂಜಿನ್ನನ್ನು ತಗ್ಗಿಸಿ, ಸ್ಟಿಕ್ಕನ್ನು ಮೆಲ್ಲಗೆ ಎಳೆಯುತ್ತ ಹೋದರೆ, ವಿಮಾನವು ಯಾವ ವೇಗದಲ್ಲಿ ಕೈಬಿಡುತ್ತದೆ, ಕೈಬಿಡುವ ಮುನ್ನ ಹೇಗೆ ತೂಗಾಡುತ್ತದೆ, ಯಾವ ರೆಕ್ಕೆ ಮೊದಲು ತಗ್ಗುತ್ತದೆ ಎಂಬುದೆಲ್ಲ ಅಪಾಯವಿಲ್ಲದೆ ತಿಳಿಯುತ್ತದೆ. ಅನಂತರ ನೆಲ ಮುಟ್ಟದೆ, ಆಳೆತ್ತರದಲ್ಲಿ, ಓಡುದಾರಿಯ ಉದ್ದಕ್ಕೂ ನಿಧಾನವಾಗಿ ಹಾರಿಸಿಕೊಂಡು ಹೋಗಬೇಕು. ಹತ್ತು ಸಲ ಹೀಗೆ ಹೋದವನಿಗೆ ಹನ್ನೊಂದನೆಯ ಸಲ ಇಳಿಸುವುದು ದೊಡ್ಡ ಮಾತಾಗುವುದಿಲ್ಲ.

ಕೈಯಲ್ಲಿ ತಪ್ಪಿಲ್ಲದಿದ್ದರೂ ವಿಮಾನವು ಪುಟಿಯುತ್ತಿದ್ದರೆ ಆಗ ಕಟ್ಟಡವನ್ನು ಶಂಕಿಸಬಹುದು. ಮೂತಿಚಕ್ರದ ಕಾಲು ಉದ್ದವಾಗಿ, ವಿಮಾನವು ನಿಂತಲ್ಲಿಯೇ ಮುಖವೆತ್ತಿಕೊಂಡಿದ್ದರೆ, ಓಡುವಾಗಲೂ ರೆಕ್ಕೆಯು ಎತ್ತುತ್ತಲೇ ಇರುತ್ತದೆ. ಬಾಲಚಕ್ರದ ವಿಮಾನದಲ್ಲಿ ಮುಂದಿನ ಚಕ್ರಗಳು ತೀರ ಮುಂದಿದ್ದರೂ ಕಷ್ಟ. ಎಂಜಿನ್ನು ತನ್ನ ಕನಿಷ್ಠ ವೇಗದಲ್ಲಿಯೂ ಬಿರುಸಾಗಿ ತಿರುಗುತ್ತಿದ್ದರೆ ವಿಮಾನವನ್ನು ಎಳೆಯುತ್ತಲೇ ಹೋಗುತ್ತದೆ. ಅದನ್ನು ಮೈದಾನಕ್ಕೆ ಬರುವ ಮೊದಲೇ ಸರಿಪಡಿಸಿಕೊಳ್ಳಬೇಕು. ಸ್ಪಂಜಿನ ಚಕ್ರದ ಸರದಿ ಇವೆಲ್ಲದರ ನಂತರ.

ಇಂದಿನವರ ಕೈಯಲ್ಲಿ ಥ್ರಾಟಲಾದರೂ ಇದೆ. ಆರಂಭದ ದಿನಗಳಲ್ಲಿ ಅದೂ ಇರಲಿಲ್ಲ. ಅಮೆರಿಕದ ಮಿಷಿಗನ್ ಸಂಸ್ಥಾನದ ಕಲಮಜೂ ಪಟ್ಟಣದ ಅವಳಿ ಸೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ 1937ರಲ್ಲಿ ‘ಗಫ್’ ಎಂಬ ಮಾದರಿ ವಿಮಾನವನ್ನು ರೇಡಿಯೋದಿಂದ ನಡೆಸಿ ಹಾರಿಸಿದರು. ಒಬ್ಬನು ವಿಮಾನವನ್ನು ಕಟ್ಟಿದನು, ಇನ್ನೊಬ್ಬನು ರೇಡಿಯೋವನ್ನು ಕಟ್ಟಿದನು. ಎಂಟಡಿ ಉದ್ದದ ರೆಕ್ಕೆಯ ಆ ವಿಮಾನವು ಇಂದು ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಆಸ್ತಿ. ಮುಂದೆ ಈ ಹವ್ಯಾಸ ಹರಡಿದಾಗ ಸಾಮಾನ್ಯರಿಗೆ ಎಟಕುತ್ತಿದ್ದ ಉಪಕರಣದಲ್ಲಿ ಗುಂಡಿ ಒಂದೇ. ಅದನ್ನು ಒತ್ತಿದಾಗ ತಿರುಚಿದ ರಬ್ಬರ್ ಪಟ್ಟಿಯ ಬಲದಿಂದ ಚುಕ್ಕಾಣಿಯು ಎಡಕ್ಕೋ ಬಲಕ್ಕೋ ತಿರುಗುತ್ತಿತ್ತು. ಇಂಧನ ತೀರುವವರೆಗೆ ಎಂಜಿನ್ನು ಒಂದೇ ಸಮನೆ ಓಡುತ್ತಿತ್ತು. ತೀರಿದ ಮೇಲೆ ವಿಮಾನವು ತೇಲುತ್ತ ಎಲ್ಲಿ ಇಳಿಯುವುದೋ ಅಲ್ಲಿಗೆ ಒಡೆಯನು ಓಡುತ್ತಿದ್ದನು. ಸ್ಟಿಕ್ಕನ್ನು ಎಷ್ಟು ಸರಿಸಿದರೆ ಮಡಿಕೆಯೂ ಅಷ್ಟೇ ಸರಿಯುವಂತಹ ವ್ಯವಸ್ಥೆ 1960ರ ದಶಕದಲ್ಲಿ ಬಂದಿತು. ಕೂದಲೆಳೆಯಷ್ಟು ಎಳೆಯುವುದೆಂಬ ಮಾತಿಗೆ ಅರ್ಥ ಬಂದುದು ಆಮೇಲೆಯೇ.

ಆ ಕೈಚಳಕಕ್ಕೆ ಅತಿ ದೊಡ್ಡ ಪರೀಕ್ಷೆ ಒದಗಿದುದು 2003ರ ಆಗಸ್ಟಿನಲ್ಲಿ. ಅಮೆರಿಕದ ಮೇನಾರ್ಡ್ ಹಿಲ್ ಎಂಬ ನಿವೃತ್ತ ಎಂಜಿನಿಯರ್ ಅಟ್ಲಾಂಟಿಕ್ ಸಾಗರವನ್ನು ದಾಟಬಲ್ಲ ಮಾದರಿ ವಿಮಾನವನ್ನು ಕಟ್ಟುವ ಹಟ ತೊಟ್ಟಿದ್ದರು. ವಯಸ್ಸು 77, ಕಣ್ಣಿನ ದೃಷ್ಟಿ ಬಹುಪಾಲು ಹೋಗಿತ್ತು, ಕಿವಿಯೂ ಮಂದ. ಬಾಲ್ಸಾವನ್ನು ಅವರು ಬೆರಳಿನಿಂದಲೇ ನೋಡುತ್ತಿದ್ದರೆನ್ನಬೇಕು. ಹಿಂದಿನ ಪ್ರಯತ್ನಗಳ ವಿಮಾನಗಳೆಲ್ಲ ವ್ಯರ್ಥವಾಗಿದ್ದವು. ಇಂಧನವೂ ಸೇರಿ ಐದು ಕಿಲೋಗ್ರಾಂ ಮೀರದ ‘ಟ್ಯಾಮ್-5’ ಎಂಬ ವಿಮಾನವನ್ನು ಆಗಸ್ಟ್ 9ರಂದು ಕೆನಡಾದ ನ್ಯೂಫೌಂಡ್‌ಲೆಂಡಿನ ಕೇಪ್ ಸ್ಪಿಯರಿನಿಂದ ಹಿಲ್ ಕೈಯಾರೆ ಎಸೆದು ಹಾರಿಸಿದರು. ಕಡಲಿನ ಮೇಲೆ ಅದನ್ನು ಉಪಗ್ರಹಗಳ ಸಂಕೇತದಿಂದ ದಾರಿ ಅರಿಯುವ ಸ್ವಯಂಚಾಲಕವು ನಡೆಸಿತು. ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿದ ಆ ದಾರಿಯ ತುದಿಯಲ್ಲಿ, ಐರ್ಲೆಂಡಿನ ಕ್ಲಿಫ್ಡನ್ ಪಟ್ಟಣದ ಬಳಿ, ಡೇವ್ ಬ್ರೌನ್ ಎಂಬವರು ರೇಡಿಯೋ ಪೆಟ್ಟಿಗೆಯನ್ನು ಹಿಡಿದು ಆಕಾಶವನ್ನು ನೋಡುತ್ತ ನಿಂತಿದ್ದರು. ಇಳಿಸುವ ಭಾರ ಅವರದು.

ಅದೇ ಕ್ಲಿಫ್ಡನ್ನಿನ ಬಳಿ 1919ರ ಜೂನ್ 15ರಂದು, ಅಟ್ಲಾಂಟಿಕನ್ನು ಎಲ್ಲಿಯೂ ನಿಲ್ಲದೆ ಮೊದಲ ಬಾರಿಗೆ ವಿಮಾನದಲ್ಲಿ ದಾಟಿದ ಆಲ್ಕಾಕ್ ಮತ್ತು ಬ್ರೌನ್ ಇಳಿದಿದ್ದರು. ಅವರೂ ನ್ಯೂಫೌಂಡ್‌ಲೆಂಡಿನಿಂದಲೇ ಹೊರಟವರು. ಒಬ್ಬರ ಹೆಸರು ಬ್ರೌನ್ ಎಂಬುದು ಕಾಕತಾಳೀಯ. ಮೇಲಿನಿಂದ ಹಸಿರು ಬಯಲಿನಂತೆ ಕಂಡುದು ನಿಜವಾಗಿ ಜೌಗು ನೆಲವಾಗಿತ್ತು. ಚಕ್ರಗಳು ಹೂತು, ಅವರ ದೊಡ್ಡ ವಿಮಾನವು ಮೂಗು ಕೆಳಗಾಗಿ, ಬಾಲ ಮೇಲಾಗಿ ನಿಂತಿತು. ಇಬ್ಬರಿಗೂ ಪೆಟ್ಟಾಗಲಿಲ್ಲ.

ಎಂಬತ್ತನಾಲ್ಕು ವರ್ಷಗಳ ಬಳಿಕ, ಆಗಸ್ಟ್ 11ರಂದು, ಮ್ಯಾನಿನ್ ಎಂಬ ಕಡಲತೀರದ ಮೇಲೆ ಪುಟ್ಟದೊಂದು ಚುಕ್ಕೆ ಕಾಣಿಸಿತು. ಟ್ಯಾಮ್-5 ಹೊರಟು 38 ಗಂಟೆ 52 ನಿಮಿಷಗಳಾಗಿದ್ದವು. ತೊಟ್ಟಿಯಲ್ಲಿ ಉಳಿದಿದ್ದ ಇಂಧನ ಅತ್ಯಲ್ಪ. ಬ್ರೌನ್ ಅದನ್ನು ಸ್ವಯಂಚಾಲಕದಿಂದ ತಮ್ಮ ಕೈಗೆ ತೆಗೆದುಕೊಂಡು, ತಗ್ಗಿಸಿ, ನೆಲಕ್ಕೆ ತಂದರು. ವಿಮಾನವು ಮುರಿಯದೆ ಇಳಿಯಿತು. ಸುದ್ದಿಯನ್ನು ಸಾಗರದ ಆಚೆಯ ದಡದಲ್ಲಿದ್ದ ಹಿಲ್ ಅವರಿಗೆ ತಿಳಿಸಲಾಯಿತು.